ಭವಾನಿಪುರಂನ ದಡದಿಂದ

ವಿಜಯವಾಡದ ಭವಾನಿಪುರಂನಲ್ಲಿ ನಿಂತು ಕೃಷ್ಣೆಯನ್ನು ನೋಡುವಾಗ, ನಮ್ಮ ತುಂಗಭದ್ರೆಯ ನೀರೂ ಇದರಲ್ಲಿದೆಯಲ್ಲವೇ ಎಂದು ನಾವು ಹಿಗ್ಗುವುದುಂಟು. ಕೆಳಗಡೆ, ೧೯೫೭ರಲ್ಲಿ ಪೂರ್ಣಗೊಂಡ ಪ್ರಕಾಶಂ ಕಟ್ಟೆಯು ೭೦ ಬಾಗಿಲುಗಳಿಂದ ನೀರನ್ನು ತಡೆದು ಗದ್ದೆಗಳಿಗೆ ಹಂಚುತ್ತದೆ. ಬಾಗಿಲನ್ನು ಹಗುರಾಗಿ ಎತ್ತಲೆಂದು ಎದುರು ತೂಗುವ ಕಾಂಕ್ರೀಟಿನ ತೊಲೆಗಳನ್ನು ಇಟ್ಟಿದ್ದರು.

೨೦೨೪ರ ಸೆಪ್ಟೆಂಬರಿನ ಮಹಾಪೂರದಲ್ಲಿ ೧೧ ಲಕ್ಷ ಕ್ಯೂಸೆಕ್ಸಿಗೂ ಮಿಕ್ಕಿ ನೀರು ಹರಿಯಿತು. ಕಟ್ಟು ಕಿತ್ತು ತೇಲಿಬಂದ ಭಾರೀ ದೋಣಿಗಳು ಬಡಿದು ಕೆಲವು ತೊಲೆಗಳು ಮುರಿದವು.

ಅಷ್ಟು ಗಟ್ಟಿಯಾದುದು ಮುರಿಯಿತೇಕೆ? ಕಾಂಕ್ರೀಟು ಒತ್ತುವ ಭಾರವನ್ನು ಚೆನ್ನಾಗಿ ತಾಳುತ್ತದೆ. ಎಳೆತವನ್ನಾದರೋ ಅದರ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಪೆಟ್ಟಿಗೆ ತೊಲೆ ಬಾಗಹೋದಾಗ ಒಂದು ಮಗ್ಗುಲು ಅದುಮುತ್ತದೆ, ಇನ್ನೊಂದು ಹಿಗ್ಗುತ್ತದೆ. ಹಿಗ್ಗಿದೆಡೆ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು; ಬಲವೆಲ್ಲ ಅದರ ತುದಿಯಲ್ಲಿ ಸೇರಿ ಬಿರುಕು ಒಮ್ಮೆಗೇ ಓಡುತ್ತದೆ. ಉಕ್ಕು ಸಾಮಾನ್ಯವಾಗಿ ಮೊದಲು ಬಾಗಿ ಎಚ್ಚರಿಸುತ್ತದೆ.

ಹಿಂದಿನ ತಿಂಗಳಷ್ಟೇ ಹೊಸಪೇಟೆಯ ತುಂಗಭದ್ರಾ ಜಲಾಶಯದ ೧೯ನೆಯ ಬಾಗಿಲು ಕೊಚ್ಚಿಹೋದಾಗ ನೀರನ್ನು ತಡೆಯಲು ದುಡಿದ ಕನ್ನಯ್ಯ ನಾಯ್ಡು ಅವರೇ ಇಲ್ಲಿಗೂ ಬಂದರು. ಅವರ ಮೇಲ್ವಿಚಾರಣೆಯಲ್ಲಿ ಮುರಿದವುಗಳ ಜಾಗಕ್ಕೆ ಉಕ್ಕಿನವು ಬಂದವು.

ಮೇಲಿನ ಕಟ್ಟೆ ನಮ್ಮದು, ಕೆಳಗಿನದು ಇವರದು ಎನ್ನುವ ವಾದಗಳನ್ನು ಕೇಳುತ್ತಲೇ ಬೆಳೆದ ನಮಗೆ, ಎರಡನ್ನೂ ಕಾದ ಆ ಒಂದೇ ಕೈ ಇಲ್ಲಿ ನೆನಪಾಗುತ್ತದೆ.