ಆಲ್ದೋ ಹಾಕಿದ ಮ್ಯಾಲೆ ಬಟ್ ಬ್ಯಾಡ

ನನ್ನ ಮಗಳು ಆರನೇತ್ತೆ ಇದ್ದಾಗಿನ ಮಾತು. ಒಂದಿನ ಆಕಿ ಪಾಟೀಚೀಲ ಝಾಡಿಸಲಿಕ್ಕೆ ತಗದ್ರ, ತಳದಾಗ ನಾಕು ಮಡಿಕಿ ಮಾಡಿದ ಒಂದು ಹಾಳಿ ಸಿಕ್ತು. ಬಿಚ್ಚಿ ನೋಡಿದ್ರ ನನ್ನಽ ಅಕ್ಷರ. ಹಿಂದಿನ ವಾರ ಸಾಲಿಗೆ ಬರದು ಕಳಿಸಿದ ಚೀಟಿ. ಅದರಾಗ ಎರಡು ಕಡೆ ಕೆಂಪು ಪೆನ್ನಿಲೆ ಗೋಲ ಹಾಕಿದ್ರು.

"ಯಾಕವ್ವಾ, ಇದನ್ನ ಮುಚ್ಚಿಟ್ಟೀದಿ?" ಅಂದೆ.

ಆಕಿ ಮಾರಿ ಕೆಳಗ ಹಾಕಿ, "ಟೀಚರ್ ಎಲ್ಲಾರ ಮುಂದ ಓದಿದ್ರು ಅಮ್ಮಾ. ಇನ್ನಮ್ಯಾಲೆ ಚೀಟಿ ಪಪ್ಪಾನ ಕಡೆ ಬರಸ್ತೀನಿ" ಅಂದ್ಲು.

ನಾ ಏನೂ ಅನ್ನಲಿಲ್ಲ. ಒಳಗ ಹೋಗಿ ಚಪಾತಿ ಹಿಟ್ಟು ನಾದಿಕೋತ ನಿಂತೆ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಸಾಲ್ಯಾಗ ಕಲತಾಕಿ ನಾನು. ಆ ಒಂದು ಚೀಟಿ ಸಲುವಾಗಿ ಮೂರು ಹಾಳಿ ಹರದು ಒಗದಿದ್ದೆ.

ಬರದದ್ದು ಇಷ್ಟು: ‘ಆಲ್ದೋ ಶಿ ಹ್ಯಾಡ್ ಫೀವರ್, ಬಟ್ ಶಿ ಕೇಮ್ ಟು ಸ್ಕೂಲ್. ಬಿಕಾಸ್ ಶಿ ವಾಮಿಟೆಡ್ ಅಟ್ ನೈಟ್, ಸೋ ಶಿ ಡಿಡ್ ನಾಟ್ ಡೂ ಹೋಮ್‌ವರ್ಕ್.’ ಗೋಲ ಇದ್ದದ್ದು ಬಟ್ ಮ್ಯಾಲೆ, ಸೋ ಮ್ಯಾಲೆ. ತಪ್ಪು ಅಂತ ತಿಳೀತು. ಯಾಕ ತಪ್ಪು ಅಂತ ತಿಳೀಲಿಲ್ಲ.

ನಮ್ಮ ಓಣಿ ತುದೀಗೆ ರಿಟೈರ್ ಆದ ಅಕ್ಕೋರು ಒಬ್ಬರು ಇದ್ದಾರ. ಸಂಜಿಮುಂದ ಅವರ ಕಟ್ಟಿ ಮ್ಯಾಲೆ ಕೂತು ಚೀಟಿ ತೋರಿಸಿದೆ. ಅವರು ನಗಲಿಲ್ಲ. "ಇದನ್ನ ಕನ್ನಡದಾಗ ಹೇಳವಾ" ಅಂದ್ರು.

"ಜ್ವರ ಬಂದಿದ್ರೂ ಸಾಲಿಗೆ ಬಂದ್ಲು."

"ಎರಡು ಮಾತು ಕೂಡಿಸಿದ್ದು ಯಾವುದು?"

ಹೇಳಿ ಹೇಳಿ ನೋಡಿದೆ. ‘ಬಂದಿದ್ರೂ’ ಅನ್ನೋದರ ಕಡೀಕಿನ ಆ ‘ರೂ’!

"ಅಷ್ಟಽ. ‘ಜ್ವರ ಬಂದಿದ್ರೂ, ಆದ್ರ ಸಾಲಿಗೆ ಬಂದ್ಲು’ ಅಂತೀ ಏನು? ಅನ್ನೂದಿಲ್ಲ. ಇಂಗ್ಲಿಷಿಗೂ ಒಂದಽ ಸಾಕು. ಆದ್ರ ನಮ್ಮಲ್ಲೆ ಕೂಡಸೋದು ನಡುವ ಬರ್ತದ, ಅವರ ಆಲ್ದೋ ಮುಂದ ಬಂದು ಕೂಡ್ತದ. ಹಿಂಗಾಗಿ ನಡುವ ಏನೋ ಬಿಟ್ಟಂಗ ಅನಿಸಿ ನಾವು ಒಂದು ಬಟ್ ತುರುಕ್ತೀವಿ. ಅಲ್ಲೆ ಅಲ್ಪವಿರಾಮ ಹಾಕಿದ್ರ ಸಾಕವಾ."

ಬಟ್ ಬೇಕಽ ಬೇಕು ಅಂದ್ರ ಆಲ್ದೋ ತಗೀಬೇಕು. ಬಿಕಾಸ್, ಸೋ ಎರಡೂ ಹಂಗಽ. ಒಂದು ಕಾರಣ ಹೇಳ್ತದ, ಇನ್ನೊಂದು ಅದರಿಂದ ಏನಾತು ಅಂತ ಹೇಳ್ತದ. ಎರಡರಾಗ ಯಾವುದಾರ ಒಂದು ಇದ್ರ ಸಾಕು.

ಅವತ್ತ ಇನ್ನೂ ಎರಡು ಕಲತೆ. ಅನ್‌ಲೆಸ್ ಅನ್ನೋದರ ಹೊಟ್ಟ್ಯಾಗ ‘ಇಲ್ಲ’ ಅನ್ನೋದು ಮೊದಲಽ ಅದ. ಔಷಧ ತಗೊಳ್ಳದಿದ್ರ ಆರಾಮ ಆಗೂದಿಲ್ಲ ಅನ್ನಲಿಕ್ಕೆ ‘ಅನ್‌ಲೆಸ್ ಯೂ ಟೇಕ್ ದ ಮೆಡಿಸಿನ್’ ಅಂದ್ರ ಮುಗೀತು. ನಾ ಯಾವಾಗ್ಲೂ ‘ಅನ್‌ಲೆಸ್ ಯೂ ಡೋಂಟ್ ಟೇಕ್’ ಅಂತಿದ್ದೆ. ಹಂಗಂದ್ರ ತಿರುವುಮುರುವು ಆಗಿ, ಔಷಧ ತಗೊಂಡ್ರ ಆರಾಮ ಆಗೂದಿಲ್ಲ ಅಂತ ಅರ್ಥ ಬರ್ತದಂತ! ಇನ್ನ ಡಿಸ್ಪೈಟ್ ಅಂದ ಮ್ಯಾಲೆ ಆಫ್ ಬ್ಯಾಡ, ‘ಡಿಸ್ಪೈಟ್ ದ ಫೀವರ್’ ಅಷ್ಟಽ. ಆಫ್ ಬೇಕಾದದ್ದು ಇನ್ ಸ್ಪೈಟ್‌ಗೆ.

ಮನಿಗೆ ಬಂದು ಚೀಟಿ ತಿದ್ದಿ ಬರದು ಮಗಳ ಮುಂದ ಇಟ್ಟೆ. ಓದಿದ್ಲು, ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ತನ್ನ ಕನ್ನಡ ವಹಿ ತಂದ್ಲು. ‘ನಾನು ಬೆಳಿಗ್ಗೆ ಎದ್ದೆ ಮತ್ತು ಹಲ್ಲು ಉಜ್ಜಿದೆ ಮತ್ತು ತಿಂಡಿ ತಿಂದೆ ಮತ್ತು ಶಾಲೆಗೆ ಹೋದೆ’ ಅಂತ ಬರದಿದ್ಲು.

"ನಿಮ್ಮ ಅಜ್ಜಿ ಹಿಂಗ ಮಾತಾಡ್ತಾರೇನು?" ಅಂದೆ. ಆಕೀಗೇ ನಗು ಬಂತು. ಇಬ್ಬರೂ ಕೂಡಿ ತಿದ್ದಿದ್ವಿ: ‘ಬೆಳಿಗ್ಗೆ ಎದ್ದು, ಹಲ್ಲು ಉಜ್ಜಿ, ತಿಂಡಿ ತಿಂದು ಶಾಲೆಗೆ ಹೋದೆ.’ ನಾಕು ಕೆಲಸ, ಒಂದೂ ‘ಮತ್ತು’ ಇಲ್ಲ.

ಆವಾಗ ನನಗ ಹೊಳೀತು. ನಾ ಇಂಗ್ಲಿಷನ್ನ ಕನ್ನಡದ ಪದ್ಧತೀಲೆ ಹೊಲ್ಯಾಕ ಹೋಗಿದ್ದೆ, ಆಕಿ ಕನ್ನಡಾನ್ನ ಇಂಗ್ಲಿಷಿನ ಪದ್ಧತೀಲೆ ಹೊಲದಿದ್ಲು. ಇದರಾಗ ದಡ್ಡರು ಯಾರು ಹೇಳ್ರಿ? ನಿಮಗೂ ಇಂಗ್ಲಿಷ್ ಬರೀಲಿಕ್ಕೆ ಅಂಜಿಕಿ ಆದ್ರ, ಮೊದಲ ಕನ್ನಡದಾಗ ಬಾಯಿಬಿಟ್ಟು ಹೇಳಿ, ಕೂಡಿಸಿದ್ದು ಎಷ್ಟು ಸಲ ಅಂತ ಎಣಿಸ್ರಿ. ಒಂದು ಸಲ ಇದ್ರ ಅಲ್ಲೂ ಒಂದಽ ಹಾಕ್ರಿ.

ಮುಂದ ನಮ್ಮ ತಮ್ಮನ ಮದುವಿಗೆ ಎರಡು ದಿನ ರಜಾ ಬೇಕಾತು. ಅವರಪ್ಪ ಅಲ್ಲೇ ಪೇಪರ್ ಓದಿಕೋತ ಕೂತಿದ್ರು. ಮಗಳು ಹಾಳಿ, ಪೆನ್ನು ತಂದು ಒಲಿ ಕಟ್ಟಿ ಮ್ಯಾಲೆ ನನ್ನ ಮುಂದ ಇಟ್ಲು. "ನೀನಽ ಬರಿ ಅಮ್ಮಾ. ಬಟ್ ಎಷ್ಟಾತು ಅಂತ ನಾ ನೋಡ್ತೀನಿ" ಅಂದ್ಲು.

ಕೈ ಒರಸಿಕೊಂಡು ಬರಿಯಾಕ ಕೂತೆ.