ಒಡೆದ ಗುಡಾಣ

ಸಂಕ್ರಾಂತಿ ಹೊತ್ತಿಗೆ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯಿಂದೆಲ್ಲ ಎತ್ತು ಹೊಡಕೊಂಡು ಬರುತ್ತಾರೆ. ನಾನು ಏಳೆಂಟು ವರ್ಷದವನಿದ್ದಾಗ, 1962ರ ಸುಮಾರು, ನಮ್ಮಪ್ಪ ತಾನು ಜೀತಕ್ಕಿದ್ದ ಮನೆಯ ಜೋಡೆತ್ತು ಹೊಡಕೊಂಡು ಹೋಗಿದ್ದ. ಅವ್ವನೂ ನಾನೂ ಹಿಂದೆ. ಅಪ್ಪ ಎತ್ತುಗಳ ಮೈ ತಿಕ್ಕಿದ, ಬಾಯಿ ಬಿಡಿಸಿ ಗಿರಾಕಿಗಳಿಗೆ ಹಲ್ಲು ತೋರಿಸಿದ. ಯಾರೂ ಬೇಡ ಅನ್ನಲಿಲ್ಲ. ಎತ್ತಿಗೆ ಮೈಲಿಗೆ ತಟ್ಟುವುದಿಲ್ಲ.

ಬಿಸಿಲಿಗೆ ನನಗೆ ಬಾಯಾರಿತು. ಪಕ್ಕದಲ್ಲೇ ಯಾರೋ ಪುಣ್ಯಾತ್ಮರು ಚಪ್ಪರ ಹಾಕಿ ಅರವಟ್ಟಿಗೆ ಇಟ್ಟಿದ್ದರು. ಮರಳ ಮೇಲೆ ದೊಡ್ಡ ಮಣ್ಣಿನ ಗುಡಾಣ, ಅದರ ಬಾಯ ಮೇಲೆ ಹಿತ್ತಾಳೆ ಚೊಂಬು. ಹೋಗಿ ಚೊಂಬು ಅದ್ದಿ ಎತ್ತಿ ಕುಡಿದೆ.

"ಯಾವ ಕೇರಿ ಹೈದ್ಲಾ ನೀನು?"

ಹೇಳಿದೆ. ಅಪ್ಪನನ್ನು ಕರೆಸಿದರು. ಅಪ್ಪ ಹೆಗಲ ಮೇಲಿನ ಟವಲ್ಲು ಕಂಕುಳಿಗೆ ಸಿಕ್ಕಿಸಿಕೊಂಡು, "ತಪ್ಪಾಯ್ತು ಬುದ್ದೀ, ಮಗ, ತಿಳೀದು" ಅಂತ ಬಗ್ಗಿ ನಿಂತ. ಚೊಂಬಿಗೆ ಹುಣಸೇಹಣ್ಣು, ಬೂದಿ ಹಾಕಿ ತಿಕ್ಕಿದರು. ಅದು ಮತ್ತೆ ಮಡಿಯಾಯಿತು. ಗುಡಾಣವನ್ನು ಮಾತ್ರ ಅಪ್ಪನ ಕೈಲೇ ಹೊರಗೆ ಹೊರಿಸಿ ಒಡೆಸಿದರು. ಮಣ್ಣು ಒಳಕ್ಕೆ ಹೀರಿಕೊಳ್ಳುತ್ತದಂತೆ, ತೊಳೆದರೆ ಹೋಗದಂತೆ. ಹೊಸ ಗುಡಾಣದ ದುಡ್ಡನ್ನೂ ನಾವೇ ತೆತ್ತೆವು; ಅವ್ವ ಜಾತ್ರೆಗೆಂದು ಸೆರಗಿನಲ್ಲಿ ಗಂಟು ಹಾಕಿದ್ದ ಚಿಲ್ಲರೆ. ಒಡೆದ ಬುಡದಲ್ಲಿ ನಿಂತಿದ್ದ ನೀರನ್ನು ನಾಯಿಯೊಂದು ಬಂದು ಲೊಚಲೊಚ ನೆಕ್ಕಿತು. ಅದನ್ನು ಯಾರೂ ಹಚಾ ಅನ್ನಲಿಲ್ಲ. ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯ ನೀರು ಕುಡಿದದ್ದು 1927ರಲ್ಲಿ. ಮೂವತ್ತೈದು ವರ್ಷವಾದರೂ ಆ ಸುದ್ದಿ ನಮ್ಮ ಕೇರಿಗೆ ಬಂದಿರಲಿಲ್ಲ.

ಮುಂದೆ ನಾನು ಮೇಷ್ಟ್ರಾದೆ. ಶಾಲೆಗೆ ಬಂದ ಚಿತ್ರದ ಪುಸ್ತಕವೊಂದರಲ್ಲಿ ಒಂದು ಮಡಕೆ ಕಂಡೆ. ಕೆಂಪು ಮಣ್ಣಿನದು, ಗೇಣು ಎತ್ತರ. ನಾಲ್ಕು ಕಾಲು, ಕಿವಿ, ಮೇಲೆತ್ತಿದ ಮೂತಿ, ತೆರೆದ ಬಾಯಿ. ಬೆನ್ನ ಮೇಲೆ ಹಿಡಿ. ಬಾಲದ ಹತ್ತಿರ ಒಂದು ಕೊಳವೆ. ಅಲ್ಲಿ ಹೊಯ್ದ ನೀರು ಬಾಯಿಂದ ಬರುತ್ತದೆ. "ಸಾ, ಇದು ನಾಯಾ, ಹಂದಿಯಾ?" ಅಂದರು ಹುಡುಗರು. ಬಲ್ಲವರೂ ಕೆಲವರು ನಾಯಿ ಅನ್ನುತ್ತಾರೆ, ಕೆಲವರು ಹಂದಿ. ಚೀನಾದ ಶಾಂಡೊಂಗ್ ಪ್ರಾಂತ್ಯದ ದಾವೆನ್‌ಕೊ ಎಂಬಲ್ಲಿ 1959ರಲ್ಲಿ ನೆಲ ಅಗೆದಾಗ ಸಿಕ್ಕಿದ್ದು, ಸುಮಾರು 5000 ವರ್ಷದಷ್ಟು ಹಳೆಯದು.

ನಾವೂ ಮಡಕೆಗೆ ಬಾಯಿ, ಕಂಠ, ಹೊಟ್ಟೆ ಅನ್ನುತ್ತೇವೆ. ಆ ಕುಂಬಾರ ಕಾಲು, ಕಿವಿ ಕೂಡ ಕೊಟ್ಟ, ಅಷ್ಟೆ. ಅದೇ ಜನ ಮೂರು ಟೊಳ್ಳುಕಾಲಿನ ಮಡಕೆಗಳನ್ನೂ ಮಾಡುತ್ತಿದ್ದರು. ನೀರು ಕಾಲೊಳಕ್ಕೂ ಇಳಿಯುತ್ತದೆ, ಕೆಳಗೆ ಉರಿ ಹಾಕಿದರೆ ಬೇಗ ಕಾಯುತ್ತದೆ. ನಾವು ಮೂರು ಗುಂಡು ಹೂಡಿ ಒಲೆ ಮಾಡುತ್ತೇವೆ, ಅವರು ಆ ಮೂರು ಗುಂಡನ್ನು ಮಡಕೆಗೇ ಅಂಟಿಸಿದ್ದರು.

ಹಾಗಂತ ಅಲ್ಲಿ ಎಲ್ಲರೂ ಸಮ ಇದ್ದರು ಅಂದುಕೊಳ್ಳಬೇಡಿ. ದಾವೆನ್‌ಕೊದಲ್ಲಿ ಅಗೆದದ್ದು 130ಕ್ಕೂ ಹೆಚ್ಚು ಗೋರಿ. ಕೆಲವು ಹೆಣಗಳ ಜೊತೆ ಹತ್ತಾರು ಮಡಕೆ, ದಂತದ ಸಾಮಾನು, ಹಂದಿತಲೆ. ಕೆಲವರ ಜೊತೆ ಒಂದೆರಡು ಸಾಮಾನು, ಇಲ್ಲ ಅದೂ ಇಲ್ಲ. ಮಣ್ಣು ತುಳಿದು ಕಲಸಿದವರು ಯಾವ ಗೋರಿಯಲ್ಲಿ ಮಲಗಿದರೋ! ಅಲ್ಲಿ ಹಂದಿ ಸಿರಿವಂತಿಕೆಯ ಗುರುತು. ನಮ್ಮಲ್ಲಿ ಹಂದಿ ಸಾಕಿದವರು ಊರಾಚೆ.

ನಮ್ಮ ನೆಲಕ್ಕೂ ಈ ವಿದ್ಯೆ ಹೊಸದಲ್ಲ. ಪಿರಿಯಾಪಟ್ಟಣ ದಾಟಿ ಕೊಡಗಿಗೆ ಹೋದರೆ ದೇವರಕಾಡುಗಳಲ್ಲಿ ಅಯ್ಯಪ್ಪನಿಗೆ ಹರಕೆ ಒಪ್ಪಿಸಿದ ಮಣ್ಣಿನ ನಾಯಿಗಳು ಸಾಲಾಗಿ ಕೂತಿರುತ್ತವೆ. ಇದೇ ಕಾವೇರಿ ಕೆಳಗೆ ಕಪಿಲೆಯನ್ನು ಸೇರುವ ತಿರುಮಕೂಡಲು ನರಸೀಪುರದಲ್ಲಿ ಎಂ. ಶೇಷಾದ್ರಿಯವರು ಅಗೆಸಿದಾಗ ನವಶಿಲಾಯುಗದ ಗೋರಿಗಳೂ ಮೂತಿಯುಳ್ಳ ಮಡಕೆಗಳೂ ಸಿಕ್ಕವು. ಅದೂ 1960ರ ಆಸುಪಾಸಿನಲ್ಲೇ. ಅಲ್ಲಿ ಚೂರುಚೂರಾದ ಮಡಕೆಯನ್ನು ವಿದ್ವಾಂಸರು ಜೋಡಿಸುತ್ತಿದ್ದ ಕಾಲಕ್ಕೆ ಇಲ್ಲಿ ನಮ್ಮಪ್ಪ ಗಟ್ಟಿ ಗುಡಾಣ ಒಡೆಯುತ್ತಿದ್ದ.

ಹುಡುಗರು ಸುಮ್ಮನಿರಲಿಲ್ಲ. ಕೆರೆಯಿಂದ ಜೇಡಿ ತಂದು ಅಂಥದೇ ಒಂದು ಮಾಡಿದರು. ಬಿಸಿಲಿಗಿಟ್ಟರು, ಹೊಟ್ಟೆ ಬಿರಿಯಿತು. ಕುಂಬಾರ ಶೆಟ್ರು ನೋಡಿ ನಕ್ಕು, "ಮರಳು ಸಾಲ್ದು ಕಣ್ರಪ್ಪ, ಗೋಡೆ ಒಂದ್ಕಡೆ ದಪ್ಪ ಒಂದ್ಕಡೆ ತೆಳ್ಳಗೆ" ಅಂದರು. ಇನ್ನೊಂದನ್ನು ತಾವೇ ತಿದ್ದಿಕೊಟ್ಟು ಆವಿಗೆಯಲ್ಲಿ ಸುಟ್ಟರು. ಒಂದು ಕಾಲು ಮೊಂಡಾಗಿ ಬಂತು. ಕಲ್ಲು ಕೊಟ್ಟು ನಿಲ್ಲಿಸಿ, ಬಾಲದಿಂದ ನೀರು ತುಂಬಿಸಿ, ಬೆನ್ನ ಹಿಡಿ ಎತ್ತಿ ಬಗ್ಗಿಸಿದರು. ಬಾಯಿಂದ ನೀರು ಬಂತು. ಕೇರಿಯ ಹುಡುಗ, ಊರೊಳಗಿನ ಹುಡುಗಿ, ಎಲ್ಲ ಬೊಗಸೆಯೊಡ್ಡಿ ನೂಕಾಡಿಕೊಂಡು ಕುಡಿದರು. ಒಬ್ಬ ಮೂತಿಗೇ ಬಾಯಿಟ್ಟ.

ರಾತ್ರಿ ಅವ್ವನಿಗೆ ಇದನ್ನೆಲ್ಲ ಹೇಳಿದೆ. ಚೀನಾ, ಗೋರಿ, ಹಂದಿತಲೆ ಯಾವುದನ್ನೂ ಅವಳು ಕೇಳಲಿಲ್ಲ.

"ಆಮ್ಯಾಕೆ ಯಾರೂ ಬಂದು ಒಡೀಲಿಲ್ವಾ ಮಗಾ?" ಅಂದಳು.