ಕಡಬ ಕಾಣಿಸದ ಪಾಠ
ಪುತ್ತೂರಿನ ಪಿಯು ಮಕ್ಕಳಿಗೆ ಜಾವಾ ಸ್ವಿಂಗ್‌ನ ಹೆಚ್ಚುವರಿ ಪಾಠ. ಪರದೆಯ ತಾಲೂಕು ಪಟ್ಟಿಯಲ್ಲಿ ಪುತ್ತೂರು, ಸುಳ್ಯ ಇದ್ದವು. ಬಟನ್ ಒತ್ತಿ ಕಡಬ ಸೇರಿಸಿದೆ. ಕಾಣಿಸಲಿಲ್ಲ. ಮತ್ತೆ ಒತ್ತಿದೆ. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕ ಮೇಡಂ ಏನೋ ಬರೆದುಕೊಂಡರು. ಪಟ್ಟಿಯ ಎಣಿಕೆ ಮುದ್ರಿಸಿದರೆ ನಾಲ್ಕು! ಕಡಬ ಎರಡು ಸಲ ಸೇರಿತ್ತು.

“ಕಡಬ ತಾಲೂಕಾದದ್ದು ಪರದೆಗೆ ಯಾರೂ ಹೇಳಿಲ್ಲವಾ ಸರ್?” ಎಂದ ಕಡಬದ ಹುಡುಗ.

ನಿಜಕ್ಕೂ ಹೇಳಿರಲಿಲ್ಲ. ಅಬ್‌ಸ್ಟ್ರಾಕ್ಟ್‌ಲಿಸ್ಟ್‌ಮಾಡೆಲ್ ಆಧರಿಸಿ ನಾವೇ ಮಾದರಿ ಬರೆದರೆ, ಹೆಸರು ಸೇರಿಸಿದ ಮೇಲೆ ಫೈರ್‌ಇಂಟರ್ವಲ್‌ಆಡೆಡ್ ಕರೆದು, ಎಲ್ಲಿಂದ ಎಲ್ಲಿಯವರೆಗೆ ಬದಲಾಯಿತೆಂದು ತಿಳಿಸಬೇಕು. ಮೊದಲ ಕಡಬಕ್ಕೆ 2, 2. ಪರದೆಯ ಜೆಲಿಸ್ಟ್ ಕಾದಿರುವುದು ಆ ಸುದ್ದಿಗೆ. ಡೀಫಾಲ್ಟ್‌ಲಿಸ್ಟ್‌ಮಾಡೆಲ್ ತಾನೇ ಸುದ್ದಿ ಮುಟ್ಟಿಸುತ್ತದೆ. ಅದನ್ನು ಬಳಸಿದ್ದರೆ ಪಾಠ ಸರಾಗವಾಗುತ್ತಿತ್ತು, ಈ ಪ್ರಶ್ನೆ ಮಾತ್ರ ಬರುತ್ತಿರಲಿಲ್ಲ.

ಮರುದಿನ ಇನ್ನೊಂದು ವಿಭಾಗದಲ್ಲಿ ಆ ಸಾಲನ್ನು ಬೇಕೆಂದೇ ಬಿಟ್ಟು ಪಾಠ ಶುರುಮಾಡಿದೆ.